ಇಥೆಲ್‌ನ ಕುಣಿಕೆಗಳು

ಟೆಸ್ನಿ ತನ್ನ ಅಪ್ಪನ ಕುಣಿಕೆಗಳನ್ನು ಕತ್ತರಿಸಿದ್ದು ನನ್ನ ಬ್ರೆಡ್ ಕೊಯ್ಯುವ ಚಾಕುವಿನಿಂದ. ಕೇಳಿದಳು, ಕೊಟ್ಟೆ. ಯಾತಕ್ಕೆಂದು ನಾನು ಕೇಳಲಿಲ್ಲ. ಯಾತಕ್ಕೆಂದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಊರಿನಲ್ಲಿ ಅರ್ಧ ಜನ "ಡಿಲಿಸ್‌ಗೆ ಏನೂ ಗೊತ್ತಿರಲಿಲ್ಲ, ಪಾಪ" ಎಂದು ನನ್ನ ಪರ ವಹಿಸಿಕೊಂಡು ಮಾತಾಡಿದರು. ಆ 'ಪಾಪ' ನನಗೆ ಬೇಡ.

ನಮ್ಮ ಬಂಡೆ ಹತ್ತುವವರ ಕ್ಲಬ್ಬಿಗೆ ಲ್ಲೀನ್ ಎಂಬ ಕಡಲತೀರದಲ್ಲಿ ಒಂದು ಕಲ್ಲಿನ ಮನೆಯಿದೆ. ಹಿಂದೆ ಅದು ಶಾಲೆಯಾಗಿತ್ತು. ಶನಿವಾರ, ಭಾನುವಾರ ಅಲ್ಲಿನ ಅಡುಗೆ ನನ್ನದು. ಮೊಣಕಾಲು ನೆಟ್ಟಗಿದ್ದ ಕಾಲದಲ್ಲಿ ನಾನೂ ಹತ್ತುತ್ತಿದ್ದೆ. ಈಗ ಹತ್ತಿ ಬಂದವರಿಗೆ ಕುರಿಮಾಂಸ, ಗೆಣಸು, ಲೀಕ್ ಸೊಪ್ಪು ಹಾಕಿದ ಸಾರು ಕಾಯಿಸುತ್ತೇನೆ. ಆ ಮನೆಯ ದೊಡ್ಡ ಕೋಣೆಯಲ್ಲಿ, ಒಲೆಯ ಮೇಲ್ಗಡೆ, ಒಂದು ಮರದ ಗೂಟದಲ್ಲಿ ಇಥೆಲ್ ಪೆನ್ರಿಯ ಸಾಮಾನು ಜೋತಾಡುತ್ತಿತ್ತು. ಇಥೆಲ್ ಎಂದರೆ ಟೆಸ್ನಿಯ ಅಪ್ಪ.

ಸಾಮಾನು ಎಂದರೆ ಇಷ್ಟೇ. ಬಂಡೆಯ ಮೇಲೆ ಮುಂದಾಗಿ ಹೋಗುವವರು ಬಿರುಕುಗಳಲ್ಲಿ ಲೋಹದ ತುಂಡುಗಳನ್ನು ಸಿಕ್ಕಿಸಿ, ಅದಕ್ಕೆ ತಮ್ಮ ಹಗ್ಗ ತಗುಲಿಸಿಕೊಂಡು ಹೋಗುತ್ತಾರೆ; ಕೈ ಜಾರಿದರೆ ಅದೇ ಆಧಾರ. ಇಥೆಲ್‌ನ ಹತ್ತಿರ ಎರಡು ಬಗೆಯವು ಇದ್ದವು. ಒಂದು, ಆರು ಮೂಲೆಯ ಟೊಳ್ಳು ಅಲ್ಯೂಮಿನಿಯಂ ತುಂಡುಗಳು. ನಡೆಯುವಾಗ ಸೊಂಟದಲ್ಲಿ ದನದ ಕೊರಳಿನ ಗಂಟೆಯಂತೆ ಸದ್ದು ಮಾಡುವುದರಿಂದ ನಾವು ಅವನ್ನು ಗಂಟೆ ಎನ್ನುತ್ತೇವೆ. ಇನ್ನೊಂದು, ಗಟ್ಟಿ ಸರಳಿನ ತುದಿಗೆ ಹಲ್ಲುಳ್ಳ ನಾಲ್ಕು ಬಿಲ್ಲೆಗಳಿರುವುದು. ಎಳೆದು ಹಿಡಿದರೆ ಮುದುಡಿಕೊಳ್ಳುತ್ತವೆ, ಬಿರುಕಿನೊಳಗಿಟ್ಟು ಬಿಟ್ಟರೆ ಅರಳಿ ಎರಡೂ ಕಡೆ ಕಚ್ಚಿಕೊಳ್ಳುತ್ತವೆ. ಅದಕ್ಕೆ ನಮ್ಮ ಕಡೆ ಏಡಿ ಎಂದು ಹೆಸರು. ಗಂಟೆಯಾಗಲಿ, ಏಡಿಯಾಗಲಿ, ಅದಕ್ಕೂ ಹಗ್ಗಕ್ಕೂ ನಡುವೆ ಒಂದು ನೈಲಾನ್ ಹುರಿಯ ಕುಣಿಕೆ ಇರುತ್ತದೆ. ಕಿರುಬೆರಳಿನಷ್ಟೂ ದಪ್ಪವಿಲ್ಲ. ಲೋಹವನ್ನು ಚೆನ್ನಾಗಿ ನೋಡಿಕೊಂಡರೆ ಅಪ್ಪನ ಕಾಲದ್ದು ಮಗಳ ಕಾಲಕ್ಕೂ ಬರುತ್ತದೆ. ಕುಣಿಕೆ ಬರುವುದಿಲ್ಲ. ಬಿಸಿಲು, ಉಪ್ಪುಗಾಳಿ, ಕಲ್ಲಿನ ಉಜ್ಜಾಟ ಅದನ್ನು ಸದ್ದಿಲ್ಲದೆ ತಿನ್ನುತ್ತವೆ. ಕೆಲವು ವರ್ಷಕ್ಕೊಮ್ಮೆ ತೆಗೆದು ಬೇರೆಯದು ಹಾಕಬೇಕು. ಇದು ಹತ್ತುವವರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ ಇಥೆಲ್‌ನ ಕುಣಿಕೆಗಳನ್ನು ಯಾರೂ ಮುಟ್ಟಿರಲಿಲ್ಲ.

ಅದಕ್ಕೆ ಕಾರಣ ಇಥೆಲ್ಲೇ. ನಮ್ಮ ತೀರದ ಕಡಿದಾದ ಬಂಡೆಗೆ ಟ್ರುಯಿನ್ ಹಾಲೆನ್ ಎಂದು ಹೆಸರು. ಉಪ್ಪಿನ ಮೂಗು ಎಂದು ಅರ್ಥ. ಆ ಮೂಗಿನ ನೆತ್ತಿಯವರೆಗೆ ಮೊದಲು ಹತ್ತಿದವನು ಅವನು. ಕೆಳಗೆ ಹಗ್ಗ ಹಿಡಿದು ನಿಂತವನು ಅವನ ಗೆಳೆಯ ಕರಾಡೊಗ್. ಆ ಹಾದಿಗೆ ಇಥೆಲ್ 'ಕುಡುಕನ ಏಣಿ' ಎಂದು ಹೆಸರಿಟ್ಟ. ಹೆಸರು ಕೇಳಿ ಚರ್ಚಿನವರು ಮುಖ ಗಂಟಿಕ್ಕಿಕೊಂಡಷ್ಟೂ ಅವನಿಗೆ ಖುಷಿ. ದೊಡ್ಡ ದನಿಯ, ದೊಡ್ಡ ಕೈಯ ಮನುಷ್ಯ. ಕುಣಿಕೆ ಬದಲಾಯಿಸುವವರನ್ನು ಕಂಡರೆ ಅವನಿಗೆ ತಮಾಷೆ. "ಏನಯ್ಯಾ, ಲಂಗಕ್ಕೆ ಹೊಸ ಲಾಡಿ ಹಾಕಿಸ್ಕೊಂಡು ಬಂದ್ಯಾ?" ಎಂದು ಎಲ್ಲರೆದುರು ಛೇಡಿಸುತ್ತಿದ್ದ. ತನ್ನ ಹುರಿಗಳ ಬಣ್ಣ ಕೆಂಪಿನಿಂದ ಗುಲಾಬಿಗೆ, ಗುಲಾಬಿಯಿಂದ ಒಣಹುಲ್ಲಿಗೆ ತಿರುಗಿದರೂ ಅವನು ಕೇಳಲಿಲ್ಲ. ಅವನು ಬೀಳಲೂ ಇಲ್ಲ. ಕೊನೆಗೆ ಪುಪ್ಪುಸದ ಕಾಯಿಲೆ ಬಂದು, ಮಂಚದ ಮೇಲೆ, ಹೆಂಡತಿಯ ಕೈ ಹಿಡಿದುಕೊಂಡು ಸತ್ತ.

ಸತ್ತ ಮೇಲೆ ಅವನ ಮಾತಿಗೆ ಬೆಲೆ ಇನ್ನೂ ಏರಿತು. ಕ್ಲಬ್ಬಿನವರು ಸಾಮಾನನ್ನು ಗೂಟಕ್ಕೆ ಏರಿಸಿದರು. ಪ್ರತಿ ಸೆಪ್ಟೆಂಬರಿನಲ್ಲಿ, ಬಂಡೆಯ ಹಕ್ಕಿಗಳು ಮರಿ ಹಾರಿಸಿಕೊಂಡು ಹೋದ ಮೇಲೆ, ಅದನ್ನು ಇಳಿಸಿ, ಅದರಿಂದಲೇ ಕುಡುಕನ ಏಣಿ ಹತ್ತಿ, ಸಂಜೆ ಅವನ ಹೆಸರಿನಲ್ಲಿ ಬಿಯರ್ ಕುಡಿಯುವುದು ರೂಢಿಯಾಯಿತು. ಮುಂದಾಗಿ ಹತ್ತುವವನು ಯಾವಾಗಲೂ ಕರಾಡೊಗ್. ಟೆಸ್ನಿ ಆ ದಿನ ಊರಲ್ಲಿದ್ದರೂ ಅತ್ತ ಸುಳಿಯುತ್ತಿರಲಿಲ್ಲ. ದುಃಖವಿರಬೇಕು ಎಂದುಕೊಂಡರು. ಅವಳೂ ಏನೂ ಹೇಳಲಿಲ್ಲ.

ಟೆಸ್ನಿ ನನ್ನ ಚಾಕು ಕೇಳಿದ ಆ ವರ್ಷ ಕರಾಡೊಗ್‌ನ ಭುಜ ಕೈಕೊಟ್ಟಿತು. ಅಂಗಿ ಹಾಕಿಕೊಳ್ಳಲೂ ಮೂತಿ ಸೊಟ್ಟಗೆ ಮಾಡುತ್ತಿದ್ದ. ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು, ಈ ಸಲ ಇಥೆಲ್‌ನ ಮಗಳೇ ಹತ್ತಲಿ ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಎಲ್ಲರೂ ಮೇಜು ಗುದ್ದಿದರು. ಟೆಸ್ನಿ, "ಆಯ್ತು, ಹತ್ತುತ್ತೀನಿ" ಎಂದಳು. ಅವಳು ಶಾಲೆಯ ಬಸ್ಸು ಓಡಿಸುವವಳು. ಮಾತು ಕಡಿಮೆ, ದನಿ ಗಟ್ಟಿ. ಮೂವತ್ತು ದಾಟಿದ್ದಾಳೆ, ಅಪ್ಪನ ಕೈಗಳೇ ಅವಳಿಗೆ ಬಂದಿವೆ. ಬಂಡೆಯ ಮೇಲೆ ಅವಳಷ್ಟು ಅಚ್ಚುಕಟ್ಟಾಗಿ ಹೆಜ್ಜೆ ಇಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಮುಂದಿನ ಶನಿವಾರ ಬಂದವಳೇ ಬೆಂಚಿನ ಮೇಲೆ ಹತ್ತಿ ಸಾಮಾನನ್ನು ಗೂಟದಿಂದ ಇಳಿಸಿದಳು. ನನ್ನ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಒಂದು ಗಂಟನ್ನು ಬಿಚ್ಚಲು ನೋಡಿದಳು, ಮೊಳೆ ತುರುಕಿದಳು, ಹಲ್ಲಿನಿಂದಲೂ ನೋಡಿದಳು. ಆಗಲಿಲ್ಲ.

"ಆಂಟಿ ಡಿಲಿಸ್, ಚಾಕು ಕೊಡ್ತೀರಾ?"

ಕೊಟ್ಟೆ.

ಮೊದಲನೆಯದು ಸುಲಭಕ್ಕೆ ಹೋಯಿತು. ಚಾಕು ಎರಡು ಸಲ ಹೋಗಿ ಬರುವಷ್ಟರಲ್ಲಿ ಹುರಿ ಎರಡಾಗಿ, ಬೂದಿಯಂಥ ಪುಡಿ ಮೇಜಿನ ಮೇಲೆ ಬಿತ್ತು. ನಾಲ್ಕನೆಯದೋ ಐದನೆಯದೋ ಕತ್ತರಿಸಿದಾಗ ಅವಳ ಕೈ ತಪ್ಪಿ ಗಂಟಿನ ಮೇಲೆಯೇ ಚಾಕು ಹೋಯಿತು. ಗಂಟು ಬಾಯಿ ಬಿಟ್ಟಿತು. ಹೊರಗೆಲ್ಲ ಒಣಹುಲ್ಲಿನ ಬಣ್ಣ. ಒಳಗೆ, ಬಿಸಿಲು ಕಾಣದ ಜಾಗದಲ್ಲಿ, ಆಗ ತಾನೇ ಕಟ್ಟಿದಂತೆ ಕೆಂಪು. ಟೆಸ್ನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತಳು. ಅಪ್ಪನ ಹೆಣದ ಮುಂದೆ ಅಳದಿದ್ದವಳ ಗಲ್ಲ ಅದುರಿತು. ಮೂಗು ಒರೆಸಿಕೊಂಡು ಮುಂದಿನ ಕುಣಿಕೆಗೆ ಕೈ ಹಾಕಿದಳು.

ಆ ಹೊತ್ತಿಗೆ ಸರಿಯಾಗಿ ಕರಾಡೊಗ್ ಒಳಗೆ ಬಂದ. ಅವನ ಹಿಂದೆಯೇ ಎಲ್ಗನ್ ಬಂದ. ಹೊಲ, ಟ್ರ್ಯಾಕ್ಟರು ಇರುವ, ಎಲ್ಲದಕ್ಕೂ ಹಲ್ಲು ಕಿರಿಯುವ ಮನುಷ್ಯ.

"ಏನೇ ಮಾಡ್ತಿದ್ದೀಯ ಅದು?" ಎಂದ ಕರಾಡೊಗ್.

"ಕತ್ತರಿಸ್ತಿದ್ದೀನಿ, ಅಂಕಲ್ ಕ್ರಾಡ್. ಕಾಣಲ್ವಾ?"

"ಅದು ನಿಮ್ಮಪ್ಪ ಕೈಯಾರೆ ಹಾಕಿದ ಗಂಟು!"

"ಹೌದು. ಅದಕ್ಕೇ ಬಿಚ್ಚೋಕೆ ಬರ್ತಿಲ್ಲ. ಕಲ್ಲಾಗ್ಬಿಟ್ಟಿದೆ."

"ನಿಲ್ಸು! ನೀನು ಲಂಗೋಟಿ ಕಟ್ಕೊಂಡಿದ್ದಾಗಿಂದ ನಾನು ಆ ಕುಣಿಕೆಗಳನ್ನ ನೋಡ್ತಿದ್ದೀನಿ."

"ಹಾಗಾದ್ರೆ ಅವುಗಳ ವಯಸ್ಸು ನೀವೇ ಹೇಳ್ದಂಗಾಯ್ತು."

ಎಲ್ಗನ್ ಪಕಪಕ ನಕ್ಕ. ಕರಾಡೊಗ್ ಅವನತ್ತ ತಿರುಗಿದ ರೀತಿಗೆ ನಗು ಅಲ್ಲಿಯೇ ನಿಂತಿತು.

"ಇಥೆಲ್ ಅವುಗಳ ಮೇಲೆ ಜೀವಮಾನ ಹತ್ತಿದ. ಒಂದಾದ್ರೂ ಹರೀತಾ? ಹೇಳು."

"ಅಪ್ಪ ಬೀಳ್ಲೇ ಇಲ್ವಲ್ಲ ಅಂಕಲ್. ಬೀಳ್ದೇ ಇರೋರ ಕುಣಿಕೆ ಹ್ಯಾಗೆ ಹರಿಯುತ್ತೆ?"

"ಈ ನಾಲಿಗೆ ನಿಮ್ಮಪ್ಪನ ಮುಂದೆ ಆಡಿದ್ರೆ ಗೊತ್ತಾಗ್ತಿತ್ತು ನಿಂಗೆ."

"ಆಡಿದ್ದೆ. ನಕ್ಕರು. ನೀವೂ ಅಲ್ಲೇ ನಿಂತು ನಕ್ಕಿದ್ರಿ."

ಕರಾಡೊಗ್ ಮೇಜಿಗೆ ಬಗ್ಗಿ, ಇನ್ನೂ ಕತ್ತರಿಸದ ಒಂದು ಗಂಟೆಯನ್ನು, ಕುಣಿಕೆ ಸಮೇತ, ಅವಳ ಕೈಯಿಂದ ಕಿತ್ತುಕೊಂಡ. ಕತ್ತರಿಸಿ ಬಿದ್ದಿದ್ದ ತುಂಡುಗಳನ್ನೂ ಒಂದೊಂದಾಗಿ ಆಯ್ದು ಟೋಪಿಯೊಳಗೆ ಹಾಕಿಕೊಂಡ. ಆಮೇಲೆ ನನ್ನತ್ತ ನೋಡಿದ.

"ನೀನು ಚಾಕು ಕೊಟ್ಯಲ್ಲ ಡಿಲಿಸ್. ನೀನೂ!"

"ಕೊಟ್ಟೆ. ನನ್ನ ಅಡುಗೆಮನೇಲಿ ಕೂಗಾಡ್ಬೇಡ ಕ್ರಾಡ್. ಟೀ ಬೇಕಾದ್ರೆ ಕೂತ್ಕೋ, ಇಲ್ದಿದ್ರೆ ಬಾಗಿಲು ಹಾಕ್ಕೊಂಡು ಹೋಗು, ಗಾಳಿ ಬರ್ತಿದೆ."

ಬಾಗಿಲು ಹಾಕಿಕೊಳ್ಳದೆಯೇ ಹೋದ.

ಟೆಸ್ನಿ ಉಳಿದ ಕುಣಿಕೆಗಳನ್ನೂ ಕತ್ತರಿಸಿ ಕೆಲಸ ಮುಂದುವರಿಸಿದಳು. ಬಿಸಿನೀರಿನಲ್ಲಿ ಸೋಪು ಕದಡಿ ಏಡಿಗಳನ್ನು ಮುಳುಗಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಬಿಲ್ಲೆಯ ಸಂದನ್ನೂ ತಿಕ್ಕಿದಳು. ನನ್ನ ಬೋಗುಣಿಯ ನೀರು ಸಮುದ್ರದ ಕೆಸರಿನಂತಾಯಿತು. ಒರೆಸಿ, ಒಣಗಿಸಿ, ಕೀಲುಗಳಿಗೆ ಮೇಣದಂಥ ಎಣ್ಣೆ ಬಿಟ್ಟು, ಎಳೆದು ಬಿಟ್ಟು ನೋಡಿದಳು. ಒಂದು ಏಡಿಯ ಬಿಲ್ಲೆಯಲ್ಲಿ, ಕೀಲಿನ ಪಕ್ಕದಲ್ಲೇ, ಕೂದಲಿನಂಥ ಸೀಳು ಕಂಡಿತು. ಕಿಟಕಿಗೆ ಹಿಡಿದು ಎರಡು ಮೂರು ಸಲ ನೋಡಿ ಅದನ್ನು ಕಸದ ಡಬ್ಬಿಗೆ ಎಸೆದಳು. ಇಥೆಲ್ ಪೆನ್ರಿಯ ಏಡಿಯನ್ನು ಕಸಕ್ಕೆ!

ಹೊಸ ಹುರಿ ಹಸಿರು ಬಣ್ಣದ್ದು. ಮೊದಲು ಲೋಹದ ತೂತುಗಳ ಅಂಚನ್ನು ಬೆರಳಿನಿಂದ ಸವರಿ, ಚುಚ್ಚುವ ಕಡೆ ಅರದಿಂದ ಉಜ್ಜಿ ನಯ ಮಾಡಿದಳು. ಇಲ್ಲದಿದ್ದರೆ ಆ ಅಂಚೇ ಹೊಸ ಹುರಿಯನ್ನು ಕೊಯ್ಯುತ್ತದೆ. ಹುರಿ ಪೋಣಿಸಿ, ಎರಡು ತುದಿಗಳನ್ನೂ ಒಂದರ ಮೇಲೊಂದು ಮೂರು ಸುತ್ತು ಸುತ್ತಿ, ಎರಡು ಗಂಟುಗಳು ಎದುರುಬದುರಾಗಿ ಒಂದನ್ನೊಂದು ಅಪ್ಪಿಕೊಳ್ಳುವಂತೆ ಎಳೆದಳು. ಬಾಲ ಧಾರಾಳವಾಗಿ ಬಿಟ್ಟಳು. ಪ್ರತಿಯೊಂದನ್ನೂ ಅಟ್ಟದ ತೊಲೆಯ ಕೊಕ್ಕೆಗೆ ಸಿಕ್ಕಿಸಿ, ಕುಣಿಕೆಯೊಳಗೆ ಕಾಲು ಕೊಟ್ಟು, ಅದರ ಮೇಲೆ ಕುಣಿದು ಗಂಟು ಬಿಗಿ ಮಾಡಿದಳು. ತೊಲೆಯಿಂದ ಧೂಳು ನನ್ನ ಸಾರಿಗೆ ಬಿತ್ತು.

"ಚಿಕ್ಕೋಳಿದ್ದಾಗ ಹಗ್ಗ ಹಿಡ್ಕೊಂಡು ಕೆಳಗೆ ನಿಂತಿರ್ತಿದ್ದೆ ಆಂಟಿ," ಎಂದಳು ಕುಣಿಯುತ್ತಲೇ. "ಅಪ್ಪ ಮೇಲೆ ಹಾಡು ಹೇಳ್ಕೊಂಡು ಹೋಗೋರು. ನಾನು ಅವರನ್ನ ನೋಡ್ತಿರಲಿಲ್ಲ. ಆ ಕುಣಿಕೆಗಳನ್ನೇ ನೋಡ್ತಿದ್ದೆ. ಗಾಳಿಗೆ ಅಲ್ಲಾಡೋವು. ಅವರು ಬಿದ್ರೆ ಇದು ಹಿಡಿಯುತ್ತಾ, ಹಿಡಿಯುತ್ತಾ ಅಂತ ಹೊಟ್ಟೆ ಕಿವುಚೋದು. ಹೇಳಿದ್ರೆ ಏನನ್ನೋರು ಗೊತ್ತಾ? 'ಕುಣಿಕೆ ಹಿಡಿಯಲ್ಲ ಮಗಳೇ, ಕೈ ಹಿಡಿಯುತ್ತೆ.' ಅವರ ಕೈ ಹಿಡೀತು, ಒಪ್ಕೊಳ್ತೀನಿ. ನನ್ನ ಹೊಟ್ಟೆಗೇನಾಯ್ತು ಅಂತ ಯಾರೂ ಕೇಳ್ಲಿಲ್ಲ."

"ಮತ್ತೆ ಹತ್ತೋಕೆ ಯಾಕೆ ಒಪ್ಕೊಂಡೆ?"

"ಹಾದಿ ಚೆನ್ನಾಗಿದೆ. ಏಡಿಗಳು ಚೆನ್ನಾಗಿವೆ. ಎರಡೂ ನಮ್ಮಪ್ಪಂದು. ಯಾಕೆ ಬಿಡ್ಲಿ?"

ಸುದ್ದಿ ಬೇಗ ಹರಡಿತು. ಅಂಚೆ ಕಚೇರಿಯಲ್ಲಿ ಒಬ್ಬಳು ನನ್ನ ಜೊತೆ ಮಾತು ಬಿಟ್ಟಳು. ಮುಂದಿನ ವಾರದ ಭಾನುವಾರ ಚರ್ಚು ಮುಗಿದ ಮೇಲೆ ಕ್ಲಬ್ಬಿನ ಮನೆಯ ಅಂಗಳದಲ್ಲಿ ಜನ ಸೇರಿದರು. ಕರಾಡೊಗ್ ತಾನು ಕಿತ್ತುಕೊಂಡಿದ್ದ ಗಂಟೆಯನ್ನು ಎತ್ತಿ ತೋರಿಸಿದ. ಇದೊಂದು ಉಳಿದಿದೆ, ಇಥೆಲ್‌ನ ಗಂಟಿನ ಯೋಗ್ಯತೆ ಏನೆಂದು ಎಲ್ಲರೆದುರಿಗೇ ನೋಡಿಬಿಡೋಣ ಎಂದ. ಎಲ್ಗನ್ ಟ್ರ್ಯಾಕ್ಟರು ತಂದ. ಅಂಗಳದ ಗೇಟಿನ ಪಕ್ಕದಲ್ಲಿ ಸ್ಲೇಟು ಕಲ್ಲಿನ ಕಂಬವೊಂದಿದೆ. ಕಂಬಕ್ಕೆ ಸುತ್ತಿದ ಸರಪಳಿಗೆ ಕುಣಿಕೆ ಸಿಕ್ಕಿಸಿದರು; ಇನ್ನೊಂದು ತುದಿಗಿದ್ದ ಗಂಟೆಯನ್ನು ಟ್ರ್ಯಾಕ್ಟರಿನ ಸರಪಳಿಗೆ ಕಟ್ಟಿದರು. ನಮ್ಮನ್ನೆಲ್ಲ ದೂರ ನಿಲ್ಲಿಸಿದರು.

ಟ್ರ್ಯಾಕ್ಟರು ಗುರುಗುಟ್ಟಿತು. ಹುರಿ ತಂತಿಯಂತೆ ಸೆಟೆಯಿತು. ಗಂಟು ಕಿರ್ರೆಂದಿತು. ಹರಿಯಲಿಲ್ಲ. ಎಲ್ಗನ್ ಇನ್ನೂ ಒತ್ತಿದ. ಆಗ ಕಂಬ, ಎಷ್ಟೋ ಕಾಲದಿಂದ ಅಲ್ಲಾಡದೆ ನಿಂತಿದ್ದ ಕಂಬ, ಬುಡಸಮೇತ ಎದ್ದು ಬಂದು ಧಡಾರನೆ ಅಂಗಳದ ಮೇಲೆ ಮಲಗಿತು. ಗೇಟೂ ಅದರ ಜೊತೆಗೇ ಹೋಯಿತು.

ಗಂಡಸರು ಹೋ ಎಂದು ಕೂಗಿದರು. ಟೋಪಿಗಳು ಹಾರಿದವು. ಕರಾಡೊಗ್ ಕುಣಿಕೆಯನ್ನು ಬಿಚ್ಚಿ ತಂದು ಟೆಸ್ನಿಯ ಮೂಗಿನ ಮುಂದೆ ಹಿಡಿದ.

"ಈಗೇನಂತೀಯ?"

"ಕಂಬ ನೆಡಿಸಿ ಅಂತೀನಿ. ಕುರಿ ಒಳಗೆ ಬರ್ತವೆ."

"ಮಾತು ಹಾರಿಸ್ಬೇಡ. ಹಿಡೀತೋ ಇಲ್ವೋ?"

"ಹಿಡೀತು. ನಾನು ಕಣ್ಣಾರೆ ನೋಡ್ದೆ. ಒಳ್ಳೇದಾಯ್ತು."

"ಅಂದ್ಮೇಲೆ?"

"ಅಂದ್ಮೇಲೆ ಏನೂ ಇಲ್ಲ. ನಾನು ಹತ್ತೋದು ನನ್ನ ಕುಣಿಕೆ ಮೇಲೇನೇ."

ಅವಳು ತಲೆ ತಗ್ಗಿಸುತ್ತಾಳೆ, ಹೋಗಲಿ ಒಂದು ನಗೆಯನ್ನಾದರೂ ನಕ್ಕು ರಾಜಿಯಾಗುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಜೇಬಿನಲ್ಲಿ ಕೈ ಹಾಕಿಕೊಂಡು ನಿಂತೇ ಇದ್ದಳು.

"ಇದೊಂದು ಹಿಡೀತು ಅಂಕಲ್. ಮಿಕ್ಕವು ಹಿಡೀತಿದ್ವೋ ಇಲ್ವೋ ನಂಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದರ ಮೇಲೆ ನಾನು ತೂಗಾಡಲ್ಲ. ಎಲ್ಲ ಹಿಡೀತವೆ ಅಂತ ನೀವು ಬೈಬಲ್ ಮುಟ್ಟಿ ಹೇಳಿದ್ರೂ ತೂಗಾಡಲ್ಲ."

"ಹಂಗಾದ್ರೆ ನೀನು ಹತ್ತೋದೇ ಬೇಡ," ಎಂದ ಕರಾಡೊಗ್. "ಎಲ್ಗನ್ ಹತ್ತಲಿ."

ಎಲ್ಗನ್ ಟ್ರ್ಯಾಕ್ಟರಿನ ಮೇಲಿಂದ ಕೈ ಆಡಿಸಿದ. "ಅಯ್ಯೋ, ನನ್ನ ಹೊಟ್ಟೆ ನೋಡಿದ್ದೀರಾ? ನನ್ನನ್ನ ಬಿಟ್ಬಿಡಿ."

"ಯಾರು ಬೇಕಾದ್ರೂ ಹತ್ಲಿ," ಎಂದಳು ಟೆಸ್ನಿ. "ನಾನಂತೂ ಶನಿವಾರ ಬೆಳಿಗ್ಗೆ ನೀರು ಇಳಿದಾಗ ಬಂಡೆ ಕೆಳಗಿರ್ತೀನಿ. ಅಪ್ಪನ ಸಾಮಾನು ನನ್ನ ಹತ್ತಿರಾನೇ ಇರುತ್ತೆ. ಹಗ್ಗ ಹಿಡಿಯೋರು ಬಂದ್ರೆ ಬನ್ನಿ."

ಯಾರೂ ಬರುತ್ತೇನೆ ಎನ್ನಲಿಲ್ಲ. ವಾರವೆಲ್ಲ ಒಬ್ಬೊಬ್ಬರಿಗೂ ಒಂದೊಂದು ನೆವ ಸಿಕ್ಕಿತು: ಒಬ್ಬನಿಗೆ ಮದುವೆ, ಒಬ್ಬನಿಗೆ ಸೊಂಟ, ಒಬ್ಬನಿಗೆ ಕುರಿ. ಶುಕ್ರವಾರ ನಾನೇ ಹಳೆಯ ಬೂಟು ಹುಡುಕಿ ತೆಗೆದೆ. ಟೆಸ್ನಿ ನನ್ನ ಮೊಣಕಾಲು ನೋಡಿ, "ಆಂಟಿ, ನಾನು ಹತ್ತಿದ ಮೇಲೆ ನಿಮ್ಮನ್ನ ಮೂಟೆ ತರಹ ಎಳ್ಕೋಬೇಕಾಗುತ್ತೆ" ಎಂದು ನಕ್ಕಳು. "ಎಳ್ಕೋ, ಮೂಟೆಗೇನು ಅವಮಾನ" ಎಂದೆ.

ಶನಿವಾರ ಗಾಳಿ ಕಡಿಮೆ ಇತ್ತು. ಹುಲ್ಲಿನ ಹಾದಿಯಲ್ಲಿ ನಾವಿಬ್ಬರೂ ಇಳಿದು ಬಂಡೆಯಂಚಿಗೆ ಬಂದರೆ, ಅಲ್ಲಿ ಕರಾಡೊಗ್ ಕೂತಿದ್ದ. ಹಗ್ಗ ಹಿಡಿಯುವ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಸಮುದ್ರದ ಕಡೆ ಮುಖ ಮಾಡಿ.

"ಬಂದ್ರಾ ಅಂಕಲ್?"

"ಬಂದೆ. ಇಥೆಲ್‌ನ ಮಗಳು ಮೊಂಡು ಬಿದ್ದು ಸಾಯೋದನ್ನ ಯಾರಾದ್ರೂ ನೋಡ್ಬೇಕಲ್ಲ."

"ಭುಜ?"

"ಹಗ್ಗ ಹಿಡಿಯೋದು ಕೈ. ನಿನ್ನ ಕೆಲಸ ನೋಡ್ಕೋ. ಈ ಬಂಡೆ ಕೆಳಗೆ ನಾನಲ್ದೆ ಇನ್ಯಾರು ಹಗ್ಗ ಹಿಡಿದಿದ್ದಾರೆ ಇವತ್ತಿನ ತನಕ?"

ಅವಳು ಹಿಡಿದಿದ್ದಳು. ಆ ಮಾತು ಅವಳ ಬಾಯಿಯ ತನಕ ಬಂದದ್ದು ನನಗೆ ಕಂಡಿತು. ಆಡಲಿಲ್ಲ. ಅವರಿಬ್ಬರೂ ಕೆಳಗಿನ ಕಟ್ಟೆಗೆ ಇಳಿದರು. ನಾನು ನೀರು ನುಗ್ಗುವ ಕಿರಿದಾದ ಕಂದರದ ಆಚೆ ದಡಕ್ಕೆ ಹೋಗಿ, ಅಲ್ಲಿನ ಹುಲ್ಲಿನ ಮೇಲೆ ಕೂತೆ. ಅಲ್ಲಿಂದ ಇಡೀ ಏಣಿ ಎದುರಿಗೇ ಕಾಣುತ್ತದೆ, ಮಾತೂ ಕೇಳುತ್ತದೆ.

ಟೆಸ್ನಿ ಹಾಡಲಿಲ್ಲ. ಒಂದು ಗಂಟೆ ಸಿಕ್ಕಿಸಿ ಎಳೆದು ನೋಡಿದಳು, ಮುಂದೆ ಹೋದಳು, ಇನ್ನೊಂದು ಸಿಕ್ಕಿಸಿದಳು. ಬೂದುಬಣ್ಣದ ಬಂಡೆಯ ಮೇಲೆ ಹಸಿರು ಕುಣಿಕೆಗಳು ಸಾಲಾಗಿ ಕಂಡವು. ಅರ್ಧದ ಮೇಲೆ ಬಂಡೆ ಹೊಟ್ಟೆ ಉಬ್ಬಿಸಿಕೊಂಡಂತೆ ಮುಂದಕ್ಕೆ ಬರುತ್ತದೆ. ಏಣಿಯ ಕಷ್ಟವೆಲ್ಲ ಅಲ್ಲಿ. ಉಬ್ಬಿನ ಕೆಳಗಿನ ಬಿರುಕಿನಲ್ಲಿ ಅವಳು ದೊಡ್ಡ ಏಡಿಯೊಂದನ್ನು ತುರುಕಿ, ಅಲ್ಲಾಡಿಸಿ, ಹಗ್ಗ ತಗುಲಿಸಿದಳು. ಕೈ ಝಾಡಿಸಿಕೊಂಡಳು. ಉಬ್ಬಿನ ಮೇಲಿನ ಅಂಚಿಗೆ ಕೈ ಹಾಕಿ ಮೈಯನ್ನು ಎತ್ತಿದಳು. ಪಾದ ಏಡಿಗಿಂತ ಮೇಲೆ ಹೋಯಿತು. ಇನ್ನೊಂದು ಹಿಡಿತ, ಅಷ್ಟೇ ಉಳಿದಿತ್ತು.

ಅಂಚು ಮುರಿಯಿತು. ರೊಟ್ಟಿಯಷ್ಟು ಅಗಲದ ಕಲ್ಲು ಅವಳ ಕೈಯಲ್ಲಿಯೇ ಬಂತು.

ಕೂಗಲೂ ಇಲ್ಲ ಅವಳು. ಬೆನ್ನಾಗಿ ಗಾಳಿಯಲ್ಲಿ ಬಂದಳು. ಹಗ್ಗ ಒಮ್ಮೆ ಸಡಿಲವಾಗಿ ಸುತ್ತಿತು, ಆಮೇಲೆ ಬಿಗಿಯಿತು. ಆ ಹಸಿರು ಕುಣಿಕೆ ಕೆಳಮುಖವಾಗಿ ಸೆಟೆದು ನಿಂತದ್ದನ್ನು ನಾನು ಕಂಡೆ. ಕೆಳಗೆ ಕರಾಡೊಗ್ ಹಗ್ಗದ ಸೆಳೆತಕ್ಕೆ ಕಟ್ಟೆಯಿಂದ ಮೇಲಕ್ಕೆ ಎಗರಿ, ಬಂಡೆಗೆ ಮುಖ ಹೊಡೆದುಕೊಂಡ. ಹಗ್ಗ ಬಿಡಲಿಲ್ಲ. ಇಬ್ಬರೂ, ಮೇಲೊಬ್ಬಳು, ಕೆಳಗೊಬ್ಬ, ಒಂದೇ ಹಗ್ಗದ ಎರಡು ತುದಿಯಲ್ಲಿ ತೂಗಾಡಿದರು. ಮುರಿದ ಕಲ್ಲು ನೀರಿಗೆ ಬಿದ್ದ ಸದ್ದು ಆಮೇಲೆ ಬಂತು.

"ಟೆಸ್ನಿ!" ಕರಾಡೊಗ್‌ನ ದನಿ ಒಡೆದಿತ್ತು. "ಮರೀ! ಏನಾಯ್ತೇ?"

"ಇದ್ದೀನಿ. ಮಂಡಿ ತರಚ್ತು. ನಿಮಗೆ?"

"ಮೂಗು. ರಕ್ತ ಬರ್ತಿದೆ. ಬರ್ಲಿ. ಅದು ಹಿಡಿದಿದೆಯಾ? ಏಡಿ?"

"ಹಿಡಿದಿದೆ. ಅಲ್ಲಾಡಿಲ್ಲ."

"ಇಳಿ ಇನ್ನು. ಇಳಿಸ್ತೀನಿ, ಸಾಕು."

"ಇಳಿಯಲ್ಲ."

"ಮೊಂಡಾಟ ಆಡ್ಬೇಡ್ವೇ! ಹಿಡಿತಾನೇ ಹೋಯ್ತಲ್ಲ, ಇನ್ನೆಲ್ಲಿ ಕೈ ಹಾಕ್ತೀಯ?"

"ಹೋದ ಕಡೆ ಹೊಸ ಅಂಚು ಬಂದಿದೆ. ನಿಮ್ಮ ಕಾಲದ್ದಕ್ಕಿಂತ ಚೆನ್ನಾಗಿದೆ. ಹಗ್ಗ ಬಿಗಿ ಮಾಡಿ ಅಂಕಲ್, ಹೊರಟೆ."

ಹೊರಟೇಬಿಟ್ಟಳು. ಮೊದಲು ಏಡಿಯ ತನಕ ಹೋಗಿ, ಅದರ ಹಲ್ಲುಗಳನ್ನು, ಗಂಟನ್ನು ಸವರಿ ನೋಡಿದಳು. ಎರಡನೆಯ ಸಲ ಉಬ್ಬು ದಾಟುವಾಗ ಅವಳ ಬಾಯಿಂದ ಒಂದು ದೊಡ್ಡ ಕೂಗು ಬಂತು. ಹೆದರಿಕೆಯದಲ್ಲ, ಯಾರಿಗೋ ಎದುರು ನಿಂತು ಕೂಗುವ ಕೂಗು. ಕಂದರದಲ್ಲಿ ಉಳಿದಿದ್ದ ಹಕ್ಕಿಗಳೆಲ್ಲ ಎದ್ದವು. ನಾನೂ ಎದ್ದು ನಿಂತಿದ್ದೆ, ಮೊಣಕಾಲು ಮರೆತು. ಸ್ವಲ್ಪ ಹೊತ್ತಿಗೆ ಅವಳು ನೆತ್ತಿಯ ಹುಲ್ಲಿನ ಮೇಲೆ ಕಾಣಿಸಿಕೊಂಡಳು.

ಆಮೇಲೆ ಕರಾಡೊಗ್‌ನ ಸರದಿ. ಹಿಂದೆ ಬರುವವನು ಸಿಕ್ಕಿಸಿದ್ದನ್ನೆಲ್ಲ ಬಿಡಿಸಿಕೊಂಡು ಬರಬೇಕು. ಕೆಟ್ಟ ಭುಜದಲ್ಲಿ ನರಳುತ್ತ, ಬೈಯುತ್ತ, ಮೇಲಿಂದ ಅವಳು ಬಿಗಿಯಾಗಿ ಹಿಡಿದ ಹಗ್ಗದಲ್ಲಿ ಹತ್ತಿದ. ಉಬ್ಬಿನ ಕೆಳಗಿನ ಏಡಿಯ ಹತ್ತಿರ ಬಂದಾಗ ನಿಂತುಬಿಟ್ಟ. ಬಿಡಿಸಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ರಕ್ತ ಮೆತ್ತಿದ ಮುಖವನ್ನು ಆ ಗಂಟಿನ ಹತ್ತಿರಕ್ಕೆ ತಂದು ನೋಡುತ್ತಿದ್ದ. ಏನು ಯೋಚಿಸಿದನೋ ಗೊತ್ತಿಲ್ಲ. ಆ ಜಾಗದಲ್ಲಿ ಹಳೆಯ ಕುಣಿಕೆ ಇದ್ದಿದ್ದರೆ ಹಿಡಿಯುತ್ತಿತ್ತೋ ಇಲ್ಲವೋ, ಅದನ್ನು ಹೇಳಬಲ್ಲವರು ಯಾರೂ ಇಲ್ಲ.

ನಾನು ಸುತ್ತಿಕೊಂಡು ನೆತ್ತಿಗೆ ಹೋಗುವ ಹೊತ್ತಿಗೆ ಅವನು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಟೆಸ್ನಿ ಅವನ ಮೂಗಿಗೆ ತನ್ನ ಕರವಸ್ತ್ರ ಒತ್ತಿ ಹಿಡಿದಿದ್ದಳು. ಫ್ಲಾಸ್ಕಿನ ಟೀ ಕೊಟ್ಟೆ, ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟೆ. ಮೂವರೂ ತಿಂದೆವು.

"ಬಾಲ ಉದ್ದ ಆಯ್ತು," ಎಂದ ಕೊನೆಗೆ ಕರಾಡೊಗ್.

"ಏನು?"

"ನಿನ್ನ ಗಂಟಿನ ಬಾಲ. ಅಷ್ಟುದ್ದ ಬಿಡ್ತಾರಾ ಯಾರಾದ್ರೂ? ಬೆಕ್ಕಿನ ಬಾಲದ ತರ."

"ಉದ್ದ ಇರ್ಲಿ ಅಂತಾನೇ ಬಿಟ್ಟಿದ್ದು."

"ಇಥೆಲ್ ಗಿಡ್ಡ ಬಿಡ್ತಿದ್ದ."

"ಗೊತ್ತು."

ಅವನು ಎದ್ದು ಕೂತು ಸಮುದ್ರವನ್ನು ನೋಡಿದ. "ಇಥೆಲ್ ಬದುಕಿದ್ದಿದ್ರೆ ಅವನ ಸಾಮಾನಿಗೆ ನಿಂಗೆ ಕೈ ಹಾಕೋಕೆ ಬಿಡ್ತಿರಲಿಲ್ಲ."

"ಬದುಕಿದ್ದಿದ್ರೆ ಅವರ ಎದುರಿಗೇ ಕತ್ತರಿಸ್ತಿದ್ದೆ," ಎಂದಳು ಟೆಸ್ನಿ. "ಬೈತಿದ್ರು. ಬೈಸ್ಕೊಂಡು ಕತ್ತರಿಸ್ತಿದ್ದೆ. ಬದುಕಿದ್ದಾಗ ಆ ಧೈರ್ಯ ಬರ್ಲಿಲ್ಲ ಅನ್ನೋದೊಂದೇ ನಂಗೆ ಸಿಟ್ಟು."

ಕರಾಡೊಗ್ ಬ್ರೆಡ್ಡಿನ ಇನ್ನೊಂದು ತುಂಡಿಗೆ ಕೈ ಚಾಚಿದ.

ಅಂದು ಸಂಜೆ ಬಿಯರ್ ಕುಡಿಯಲು ಎಲ್ಲರೂ ಬಂದರು. ಮದುವೆಯವನೂ ಬಂದ, ಸೊಂಟದವನೂ ಬಂದ. ಕರಾಡೊಗ್‌ನ ಊದಿದ ಮೂಗನ್ನು ನೋಡಿ ನಕ್ಕರು, ಟೆಸ್ನಿಯ ಬೆನ್ನು ತಟ್ಟಿದರು. ಒಬ್ಬ ಎದ್ದು, ಇನ್ನು ಇದು ಅಪ್ಪ ಮಗಳು ಇಬ್ಬರ ನೆನಪಿಗೆ ಎಂದು ಸಾಮಾನನ್ನು ಮತ್ತೆ ತೂಗುಹಾಕಲು ಹೊರಟ. ಟೆಸ್ನಿ ಅವನ ಕೈಯಿಂದ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿ ದಾರ ಬಿಗಿದಳು.

"ನಾನಿನ್ನೂ ಸತ್ತಿಲ್ಲ," ಎಂದಳು. "ನಾಳೆ ಬೇಕಾಗುತ್ತೆ ನಂಗೆ."

ಹಾಗೆ ಬಿಟ್ಟುಕೊಡದ್ದಕ್ಕೆ ಗೊಣಗಿದವರು ಈಗಲೂ ಗೊಣಗುತ್ತಾರೆ. ಅಂಚೆ ಕಚೇರಿಯವಳು ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಕರಾಡೊಗ್ ಸೋತೆ ಎಂದು ಒಪ್ಪಿಕೊಂಡಿಲ್ಲ, ತನ್ನ ಸ್ವಂತ ಸಾಮಾನಿನ ಕುಣಿಕೆಗಳನ್ನು ಬದಲಾಯಿಸಿಯೂ ಇಲ್ಲ. "ಅವುಗಳ ಮೇಲೆ ನೀವು ಮುಂದೆ ಹೋಗೋದಾದ್ರೆ ಹಗ್ಗ ಹಿಡಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ" ಎಂದು ಟೆಸ್ನಿ ಅವನ ಮುಖಕ್ಕೇ ಹೇಳಿದ್ದಾಳೆ. ಹೀಗಾಗಿ ಭಾನುವಾರಗಳಲ್ಲಿ ಅವಳು ಮುಂದೆ, ಅವನು ಹಿಂದೆ. ಬಂಡೆಯಿಂದ ಮನೆಯವರೆಗೆ ಬರುವ ದಾರಿಯುದ್ದಕ್ಕೂ ಇದೇ ಜಗಳ. ಕಿಟಕಿಯಿಂದ ಅವರು ಕಾಣುವ ಮೊದಲೇ ದನಿಗಳು ಕೇಳುತ್ತವೆ; ನಾನು ಸಾರನ್ನು ಒಲೆಗೆ ಏರಿಸುತ್ತೇನೆ.